ಪೆಟ್ಟು ಬಿದ್ದರೆ ಮಾತ್ರ ನಾರುವ ಗಿಡ

ಬಲ್ಗೇರಿಯದ ಪೂರ್ವಕ್ಕೆ, ಕಪ್ಪು ಸಮುದ್ರದ ಕಡೆಗಿರುವ ಸೀಮೆಯಲ್ಲಿ, ಬೇಯಿಸಿದ ಮೊಟ್ಟೆಯ ಮೇಲೋ ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೋ ಒಂದು ಹಸಿರು ಉಪ್ಪನ್ನು ಉದುರಿಸಿಕೊಂಡು ತಿನ್ನುವ ರೂಢಿಯಿದೆ. ಅದರ ಹೆಸರು ಸಮರ್ದಾಲಾ. ಉಪ್ಪು ಎಲ್ಲರ ಮನೆಯ ಉಪ್ಪೇ. ಹಸಿರು ಬಂದದ್ದು ಒಂದು ಕಾಡುಗಿಡದ ಎಲೆಯಿಂದ. ಆ ಎಲೆಯನ್ನು ಹಸಿಯಾಗಿ ಕಿವುಚಿ ಮೂಗಿನ ಹತ್ತಿರ ಹಿಡಿದರೆ ಹೊಸಬರು ಮುಖ ಆ ಕಡೆ ತಿರುಗಿಸುತ್ತಾರೆ. ಬೆಳ್ಳುಳ್ಳಿ, ಗ್ಯಾಸು, ಕೊಳೆತ ಕೋಸು ಎಲ್ಲ ಸೇರಿದ ಹಾಗೆ ಇರುತ್ತದೆ ಆ ನಾತ. ಇಂಗ್ಲಿಷಿನ ತೋಟಗಾರಿಕೆ ಪುಸ್ತಕಗಳು ಅದನ್ನು ಉತ್ತರ ಅಮೆರಿಕದ ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ದ್ರವಕ್ಕೆ ಹೋಲಿಸುವುದುಂಟು. ಇದೇ ಗಿಡ ಹೂ ಬಿಟ್ಟಾಗ ಜೇನುನೊಣಗಳೂ ಬಂಬಲ್‌ಬೀ ಎಂಬ ದಪ್ಪ ದುಂಬಿಗಳೂ ಬೆಳಗಿನಿಂದ ಅದಕ್ಕೆ ಮುತ್ತಿಕೊಂಡಿರುತ್ತವೆ.

ಗಿಡದ ಶಾಸ್ತ್ರೀಯ ಹೆಸರು ಅಲಿಯಂ ಸಿಕ್ಯುಲಂ. ಸಿಸಿಲಿಯನ್ ಹನಿ ಗಾರ್ಲಿಕ್ ಎಂದು ಮಾರುಕಟ್ಟೆಯಲ್ಲಿ ಕರೆಯುತ್ತಾರೆ. ನಾವು ಜೇನು ಬೆಳ್ಳುಳ್ಳಿ ಎಂದುಕೊಳ್ಳೋಣ. ಈರುಳ್ಳಿ, ಬೆಳ್ಳುಳ್ಳಿ ಇರುವ ಕುಲಕ್ಕೇ ಸೇರಿದ್ದು. ಆ ಕುಲದಲ್ಲಿ ಹತ್ತಿರ ಹತ್ತಿರ ಸಾವಿರ ಜಾತಿಗಳಿವೆ. ಅವುಗಳಲ್ಲಿ ಬಹುಪಾಲು ಬಿಸಿಲಿನ ಮಕ್ಕಳು. ಇರಾನ್, ಟರ್ಕಿ, ಮಧ್ಯ ಏಷ್ಯಾದ ಒಣ ಗುಡ್ಡಗಳಲ್ಲಿ, ಕಲ್ಲು ಮಣ್ಣಿನಲ್ಲಿ ಬೆಳೆಯುವಂಥವು. ಜೇನು ಬೆಳ್ಳುಳ್ಳಿಗೆ ಬೇಕಾದದ್ದು ನೆರಳು ಮತ್ತು ತೇವ. ದಕ್ಷಿಣ ಫ್ರಾನ್ಸ್, ಕಾರ್ಸಿಕಾ, ಸಾರ್ಡಿನಿಯಾ, ಇಟಲಿ, ಸಿಸಿಲಿಯ ಕಾಡುಗಳ ಅಂಚಿನಲ್ಲಿ, ಮರಗಳ ಕೆಳಗೆ ನೀರು ಜಿನುಗುವ ಕಡೆ ಇದರ ಒಂದು ಉಪಜಾತಿ ಇದೆ. ಇನ್ನೊಂದು ಉಪಜಾತಿ ಬಲ್ಗೇರಿಯ, ರೊಮೇನಿಯ, ಟರ್ಕಿ, ಕ್ರಿಮಿಯಾ ಕಡೆಯದು. ಸಿಸಿಲಿಯದರ ಹೂವಿನಲ್ಲಿ ಹಸಿರು ಬೆರೆತ ಕೆಂಪು ಜಾಸ್ತಿ, ಬಲ್ಗೇರಿಯದ್ದು ಬಿಳಿಚಿಕೊಂಡ ಕೆನೆಬಣ್ಣ. ಉಪ್ಪಿಗೆ ಹೋಗುವುದು ಈ ಬಿಳಿಚು ಹೂವಿನ ಗಿಡದ ಎಲೆ.

ಮೆಡಿಟರೇನಿಯನ್ ಸೀಮೆಯ ಕಾಡುಗಿಡವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮಳೆಯ ಬಗ್ಗೆ ನಮ್ಮ ತಲೆಯಲ್ಲಿರುವ ಲೆಕ್ಕವನ್ನು ಪಕ್ಕಕ್ಕಿಡಬೇಕು. ನಮ್ಮಲ್ಲಿ ಬೇಸಿಗೆ ಮುಗಿಯುವಾಗ ಮಳೆ ಬರುತ್ತದೆ, ನೆಲದೊಳಗಿದ್ದ ಗೆಡ್ಡೆಗಳೆಲ್ಲ ಮುಂಗಾರಿಗೆ ಏಳುತ್ತವೆ. ಗೌರಿ ಹೂವಿನ ಬಳ್ಳಿ ಹಾಗೆಯೇ ಏಳುವುದು. ಅಲ್ಲಿ ಮಳೆ ಚಳಿಗಾಲದ್ದು. ಅಕ್ಟೋಬರಿನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ಬಿಟ್ಟು ಬಿಟ್ಟು ಸುರಿದು, ಜೂನ್ ಬಂತೆಂದರೆ ನಿಂತೇ ಹೋಗುತ್ತದೆ. ಗಿಡಗಳಿಗೆ ಕಷ್ಟಕಾಲವೆಂದರೆ ಸುಡುವ, ಹನಿ ನೀರಿಲ್ಲದ ಬೇಸಿಗೆ. ಚಳಿಯೂ ಇರುತ್ತದೆ, ಆದರೆ ಚಳಿಯಲ್ಲಿ ನೀರಾದರೂ ಇರುತ್ತದೆ.

ಇದಕ್ಕೆ ಮರದ ನೆರಳಿನ ಲೆಕ್ಕವೂ ಸೇರುತ್ತದೆ. ಓಕ್, ಬೀಚ್‌ನಂಥ ಎಲೆ ಉದುರಿಸುವ ಮರಗಳ ಕೆಳಗೆ ಚಳಿಗಾಲ ಮುಗಿಯುವ ಹೊತ್ತಿಗೆ ಬೆಳಕು ನೇರವಾಗಿ ನೆಲಕ್ಕೆ ಬೀಳುತ್ತಿರುತ್ತದೆ, ಮರ ಇನ್ನೂ ಚಿಗುರಿರುವುದಿಲ್ಲ. ನೆಲದಲ್ಲಿ ತೇವವಿದೆ, ಮೇಲೆ ಬಿಸಿಲಿದೆ. ಆ ಕೆಲವು ವಾರಗಳೇ ಜೇನು ಬೆಳ್ಳುಳ್ಳಿಯ ದುಡಿಮೆಯ ಕಾಲ. ಗೆಡ್ಡೆಯಿಂದ ಎಲೆಗಳು ಸರಸರ ಮೇಲೆ ಬರುತ್ತವೆ. ಉದ್ದನೆಯ, ನೀಲಿ ಛಾಯೆಯ ಹಸಿರು ಎಲೆ. ಅಡ್ಡ ಕೊಯ್ದು ನೋಡಿದರೆ ಮುಕ್ಕೋನ, ಬೆನ್ನಿನ ಉದ್ದಕ್ಕೂ ದೋಣಿಯ ಅಡಿಗಿರುವಂಥ ಏಣು. ಬೆಳೆಯುತ್ತ ಬೆಳೆಯುತ್ತ ಎಲೆ ತನ್ನಷ್ಟಕ್ಕೇ ತಿರುಚಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಮರಗಳು ಎಲೆ ತುಂಬಿಕೊಂಡು ನೆರಳು ಕವಿಯುವ ಹೊತ್ತಿಗೆ ಎಲೆಗಳ ಕೆಲಸ ಮುಗಿದಿರುತ್ತದೆ. ತುದಿಯಿಂದ ಹಳದಿಗಟ್ಟುತ್ತ ಬರುತ್ತವೆ. ಆಗ ಹೂವಿನ ದಂಟು ಏಳುತ್ತದೆ, ಒಂದು ಮೀಟರಿಗೂ ಎತ್ತರ.

ದಂಟಿನ ತುದಿಯಲ್ಲಿ ಮೊದಲು ಕಾಣುವುದು ಕಾಗದದಂಥ ತೆಳು ಪೊರೆಯ ಚೂಪು ಮೊಗ್ಗು. ಪೊರೆ ಸೀಳಿದಾಗ ಒಳಗಿನಿಂದ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಹೂಗಳು ಒಂದೊಂದು ತೊಟ್ಟಿನಲ್ಲಿ ಹೊರಬಂದು ಕೆಳಕ್ಕೆ ಜೋತು ಬೀಳುತ್ತವೆ. ಒಂದೊಂದೂ ಸಣ್ಣ ಗಂಟೆಯಾಕಾರ. ಆರು ಎಸಳು, ಕೆನೆಬಣ್ಣ, ಪ್ರತಿ ಎಸಳಿನ ನಡುವೆ ಬಣ್ಣದ ಒಂದು ಪಟ್ಟೆ, ಬುಡದಲ್ಲಿ ಹಸಿರು. ಮಕರಂದ ಊರುವುದು ಒಳಗೆ, ಅಂಡಾಶಯದ ಗೋಡೆಯ ಸಂದುಗಳಲ್ಲಿ. ಗಂಟೆ ತಲೆಕೆಳಗಾಗಿ ತೂಗುತ್ತಿರುವುದರಿಂದ ವಸಂತದ ಮಳೆಹನಿ ಒಳಗೆ ಇಳಿದು ಮಕರಂದವನ್ನು ನೀರು ಮಾಡುವುದಿಲ್ಲ, ಪರಾಗವೂ ನೆನೆಯುವುದಿಲ್ಲ. ಮಕರಂದ ಬೇಕಾದ ದುಂಬಿ ಅಂಚಿಗೆ ಕಾಲು ಕೊಟ್ಟು, ತಲೆ ಮೇಲೆ ಮಾಡಿ ಒಳಗೆ ನುಗ್ಗಬೇಕು. ನುಗ್ಗಿದಾಗ ಪರಾಗ ಮೈಗೆ ಮೆತ್ತಿಕೊಳ್ಳುತ್ತದೆ.

ಪರಾಗಸ್ಪರ್ಶ ಆದಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಜೋತುಬಿದ್ದ ತೊಟ್ಟುಗಳು ಒಂದೊಂದಾಗಿ ಎದ್ದು ನಿಲ್ಲತೊಡಗುತ್ತವೆ. ಮೊದಲು ಅರಳಿದ ಹೂ ಮೊದಲು ಏಳುತ್ತದೆ. ಹೀಗಾಗಿ ಒಂದೇ ಗೊಂಚಲಲ್ಲಿ ಕೆಲವು ಕೆಳಮುಖ, ಕೆಲವು ಅಡ್ಡ, ಕೆಲವು ಆಕಾಶದ ಕಡೆಗೆ. ಎಲ್ಲ ಹೂ ಮುಗಿಯುವಷ್ಟರಲ್ಲಿ ತೊಟ್ಟುಗಳೆಲ್ಲ ನೆಟ್ಟಗಾಗಿ, ಒತ್ತೊತ್ತಾಗಿ ನಿಂತ ಕಾಯಿಗಳ ಕಟ್ಟು ಹಳೆಯ ಕೋಟೆಯೊಂದರ ಗೋಪುರಗಳ ಹಾಗೆ ಕಾಣುತ್ತದೆ. ಇದು ಅಲಂಕಾರಕ್ಕೆ ಮಾಡಿಕೊಂಡ ಏರ್ಪಾಡಲ್ಲ. ಕಾಯಿ ಒಣಗಿ ಬಾಯಿ ಬಿಡುವುದು ಮೇಲ್ಗಡೆ. ಕೆಳಮುಖವಾಗಿಯೇ ಇದ್ದಿದ್ದರೆ ಬೀಜಗಳೆಲ್ಲ ಒಂದೇ ಸಲ ತಾಯಿಯ ಬುಡಕ್ಕೆ ಸುರಿದು, ಒಂದರ ಅನ್ನವನ್ನು ಇನ್ನೊಂದು ಕಿತ್ತುಕೊಳ್ಳಬೇಕಾಗುತ್ತಿತ್ತು. ಬಾಯಿ ಮೇಲಿದ್ದರೆ ಗಾಳಿ ಒಣದಂಟನ್ನು ಅಲ್ಲಾಡಿಸಿದಾಗಲೆಲ್ಲ ಒಂದಿಷ್ಟು ಕಪ್ಪು ಬೀಜ ಆಚೆ ಸಿಡಿಯುತ್ತದೆ. ಇಷ್ಟಾಗುವಾಗ ನೆಲದ ಮೇಲೆ ಎಲೆಯ ಗುರುತೇ ಇರುವುದಿಲ್ಲ. ಗೆಡ್ಡೆ ಮಣ್ಣಿನೊಳಗೆ ಬೇಸಿಗೆ ಕಳೆಯಲು ಹೋಗಿರುತ್ತದೆ.

ಈಗ ನಾತದ ವಿಷಯ. ಜೇನು ಬೆಳ್ಳುಳ್ಳಿಯ ಗುಂಪಿನ ಪಕ್ಕದಲ್ಲಿ ಸುಮ್ಮನೆ ನಿಂತರೆ ಮೂಗಿಗೆ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ. ಕಾಲಡಿ ಒಂದು ಎಲೆ ಸಿಕ್ಕಿಕೊಂಡಿತೋ, ತಕ್ಷಣ ಗೊತ್ತಾಗುತ್ತದೆ. ಈರುಳ್ಳಿಯೂ ಹೀಗೆಯೇ. ಬುಟ್ಟಿಯಲ್ಲಿರುವ ಇಡೀ ಈರುಳ್ಳಿ ಯಾರ ಕಣ್ಣಲ್ಲೂ ನೀರು ತರಿಸಿದ್ದಿಲ್ಲ. ಯಾಕೆಂದರೆ ನಾತವಾಗಲಿ, ಕಣ್ಣುರಿಯಾಗಲಿ ಗಿಡದೊಳಗೆ ತಯಾರಾಗಿ ಕೂತಿರುವುದಿಲ್ಲ. ಜೀವಕೋಶ ಒಡೆದ ಮೇಲೆ ಹುಟ್ಟುತ್ತದೆ.

ಈ ಕುಲದ ಗಿಡಗಳು ಮಣ್ಣಿನಿಂದ ಗಂಧಕವನ್ನು ಹೀರಿ, ಅದನ್ನು ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಕಟ್ಟಿ, ವಾಸನೆಯೇ ಇಲ್ಲದ ಒಂದು ಸಂಯುಕ್ತವಾಗಿ ಜೀವಕೋಶದ ದ್ರವದಲ್ಲಿ ಇಟ್ಟುಕೊಳ್ಳುತ್ತವೆ. ಅದನ್ನು ಮುರಿಯಬಲ್ಲ ಕಿಣ್ವ ಅಲಿನೇಸ್. ಅದು ಅದೇ ಜೀವಕೋಶದಲ್ಲಿದೆ, ಆದರೆ ಪ್ರತ್ಯೇಕ ಸಂಚಿಯೊಳಗೆ. ನಡುವೆ ಒಂದು ತೆಳು ಪೊರೆ. ಹುಳು ಕಚ್ಚಿದಾಗ, ಗೂರಲು ಹಂದಿ ಬಂದಾಗ, ಚಾಕು ಆಡಿದಾಗ ಪೊರೆ ಹರಿಯುತ್ತದೆ, ಎರಡೂ ಸೇರುತ್ತವೆ, ಕೆಲವು ಕ್ಷಣಗಳಲ್ಲಿ ಖಾರವಾದ ಗಂಧಕದ ಸಂಯುಕ್ತಗಳು ಏಳುತ್ತವೆ. ಸದಾ ನಾರುತ್ತಾ ಇರಬೇಕಾದರೆ ಗಿಡ ಗಂಧಕವನ್ನು ದಿನವೂ ಗಾಳಿಗೆ ಬಿಡಬೇಕಾಗಿತ್ತು. ಅದು ದುಬಾರಿ ಬಾಬತ್ತು. ಪೆಟ್ಟು ಬಿದ್ದಲ್ಲಿ, ಬಿದ್ದಾಗ ಮಾತ್ರ ಖರ್ಚು ಮಾಡುವುದು ಮಿತವ್ಯಯ.

ಬೆಳ್ಳುಳ್ಳಿಯಲ್ಲಿ ಹೀಗೆ ಹುಟ್ಟುವ ಮುಖ್ಯ ವಸ್ತು ಅಲಿಸಿನ್. ಅದನ್ನು ಬೇರ್ಪಡಿಸಿ ವಿವರಿಸಿದ್ದು 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ. ಈರುಳ್ಳಿಯಲ್ಲಿ ದಾರಿ ಸ್ವಲ್ಪ ಬೇರೆ. ಅಲಿನೇಸ್ ಮುರಿದುಕೊಟ್ಟದ್ದನ್ನು ಇನ್ನೊಂದು ಕಿಣ್ವ ಎತ್ತಿಕೊಂಡು ಕಣ್ಣೀರು ತರಿಸುವ ಅನಿಲವನ್ನಾಗಿ ಮಾಡುತ್ತದೆ. ಈ ಎರಡನೆಯ ಕಿಣ್ವವನ್ನು ಜಪಾನಿನ ಸಂಶೋಧಕರು 2002ರಲ್ಲಿ ಗುರುತಿಸಿದರು. ಅಲ್ಲಿಯವರೆಗೆ ಅಲಿನೇಸ್ ಒಂದೇ ಸಾಕು ಎಂದುಕೊಳ್ಳಲಾಗಿತ್ತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2013ರಲ್ಲಿ ಅವರಿಗೆ ಬಂತು. ಬಹುಮಾನದ ಹೆಸರಿನಲ್ಲಿ ತಮಾಷೆಯಿದ್ದರೂ ಕೆಲಸ ತಮಾಷೆಯದಲ್ಲ. ಶತಮಾನಗಳಿಂದ ಅಡುಗೆಮನೆಯಲ್ಲಿ ಅತ್ತವರ ಲೆಕ್ಕ ಹಾಕಿದರೆ ಆ ಕಿಣ್ವ ಅಷ್ಟು ದಿನ ತಲೆ ತಪ್ಪಿಸಿಕೊಂಡಿದ್ದೇ ಆಶ್ಚರ್ಯ.

ಜೇನು ಬೆಳ್ಳುಳ್ಳಿ ಇದೇ ಆಟವನ್ನು ಒಂದು ಇಂಗಾಲ ಹೆಚ್ಚಿಟ್ಟುಕೊಂಡು ಆಡುತ್ತದೆ. ಈರುಳ್ಳಿಯ ಕಣ್ಣೀರಿನ ಅನಿಲದಲ್ಲಿರುವುದು ಮೂರು ಇಂಗಾಲದ ಸರಪಳಿ, ಪ್ರೊಪೇನ್‌ನಲ್ಲಿ ಇರುವಷ್ಟು. ಜೇನು ಬೆಳ್ಳುಳ್ಳಿಯದರಲ್ಲಿ ನಾಲ್ಕು, ಬ್ಯುಟೇನ್‌ನಷ್ಟು. ಅಡುಗೆ ಅನಿಲದ ಸಿಲಿಂಡರಿನಲ್ಲಿ ತುಂಬಿರುವ ಎರಡು ಅನಿಲಗಳ ಹೆಸರೂ ಇವೇ ಆದ್ದರಿಂದ ನೆನಪಿಟ್ಟುಕೊಳ್ಳುವುದು ಸುಲಭ. ಈ ನಾಲ್ಕು ಇಂಗಾಲದ ಗಂಧಕ ಸಂಯುಕ್ತಗಳನ್ನು ರಸಾಯನವಿಜ್ಞಾನಿಗಳು ಅಲಿಯಂ ಸಿಕ್ಯುಲಂನಲ್ಲಿ ಮೊದಲು 2002ರಲ್ಲಿ ಬೇರ್ಪಡಿಸಿ ತೋರಿಸಿದರು. ಅದರ ಕಣ್ಣೀರಿನ ಅಣುವನ್ನು 2010ರ ಇನ್ನೊಂದು ಅಧ್ಯಯನ ಹಿಡಿಯಿತು. ಅದು ಕೊಯ್ದ ಗಳಿಗೆಯಲ್ಲಿ ಎದ್ದು ಸ್ವಲ್ಪ ಹೊತ್ತಿಗೆಲ್ಲ ಬೇರೆಯದಾಗಿ ಮಾರ್ಪಡುವ ಅಣು. ಹಾಗಾಗಿ ಸಾವಕಾಶವಾಗಿ ಸಾರ ತೆಗೆದು ಪರೀಕ್ಷಿಸುವ ಹಳೆಯ ಕ್ರಮಕ್ಕೆ ಸಿಗುವಂಥದ್ದಲ್ಲ. ಮಾದರಿಯನ್ನು ಯಂತ್ರದ ಬಾಯಿಗೆ ನೇರವಾಗಿ ಹಿಡಿದು, ಏಳುವ ಆವಿಯನ್ನು ಅಲ್ಲಲ್ಲೇ ತೂಗುವ ಹೊಸ ವಿಧಾನ ಅದಕ್ಕೆ ಬೇಕಾಯಿತು.

ಒಂದು ಇಂಗಾಲ ಹೆಚ್ಚಾದರೆ ಮೂಗಿಗೇನು ವ್ಯತ್ಯಾಸ ಎಂದು ಕೇಳಬಹುದು. ಬಹಳ ವ್ಯತ್ಯಾಸ. ಸ್ಕಂಕ್ ಚಿಮ್ಮಿಸುವ ದ್ರವದಲ್ಲೂ ಮುಖ್ಯವಾಗಿರುವುದು ನಾಲ್ಕೈದು ಇಂಗಾಲದ ಗಂಧಕ ಸಂಯುಕ್ತಗಳೇ. ಆ ಹೋಲಿಕೆ ಬರೆದವರ ಮೂಗು ಸುಳ್ಳು ಹೇಳಿಲ್ಲ. ನಮಗೆ ಇದಕ್ಕಿಂತ ಹತ್ತಿರದ ನೆಂಟನೊಬ್ಬ ಇದ್ದಾನೆ, ಇಂಗು. ಇರಾನ್, ಅಫ್ಘಾನಿಸ್ತಾನದ ಕಡೆ ಫೆರುಲಾ ಎಂಬ ಗಿಡದ ಬೇರನ್ನು ಕೊಯ್ದಾಗ ಒಸರುವ ಹಾಲು ಗಟ್ಟಿಯಾದರೆ ಇಂಗು. ಗಿಡ ಕ್ಯಾರೆಟ್, ಜೀರಿಗೆಯ ಬಳಗದ್ದು, ಈರುಳ್ಳಿಗೆ ಏನೂ ಆಗಬೇಕಾಗಿಲ್ಲ. ಆದರೆ ಇಂಗಿನ ವಾಸನೆಯ ಮುಖ್ಯ ಸಂಯುಕ್ತಗಳಲ್ಲೂ ಗಂಧಕಕ್ಕೆ ಅಂಟಿಕೊಂಡಿರುವುದು ನಾಲ್ಕು ಇಂಗಾಲದ ಕವಲು, ಜೋಡಣೆ ಮಾತ್ರ ಸ್ವಲ್ಪ ಬೇರೆ. ಡಬ್ಬಿಯ ಮುಚ್ಚಳ ತೆಗೆದಾಗ ಹಿಂದೆ ಸರಿಯುವಂತೆ ಮಾಡಿ, ಬಿಸಿ ತುಪ್ಪಕ್ಕೆ ಬಿದ್ದಾಗ ಹತ್ತಿರ ಕರೆಯುವ ಆ ಗುಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆಗಳ ಸಾರಿಗೆ ಇಂಗಿನ ಒಗ್ಗರಣೆ ಬೀಳುವುದರ ಹಿಂದೆ ಇರುವುದೂ ಇದೇ ಗಂಧಕ. ಮಡಿ ಕೆಡದೆ ಕಾರ್ಯ ಆಗುತ್ತದೆ, ಅಷ್ಟೇ.

ಹುಳುಹುಪ್ಪಟೆಗೆ ಬೇಡವಾಗಲಿ ಎಂದು ಕಟ್ಟಿಟ್ಟ ವಸ್ತುವನ್ನೇ ಮನುಷ್ಯ ರುಚಿ ಎಂದು ಹುಡುಕಿಕೊಂಡು ಹೋಗುತ್ತಾನೆ. ಮೆಣಸಿನಕಾಯಿ, ಸಾಸಿವೆ, ಕಾಫಿ, ಯಾವುದನ್ನು ತೆಗೆದುಕೊಂಡರೂ ಅಷ್ಟೆ. ನಮ್ಮ ಸಾಂಬಾರ ಡಬ್ಬಿ ಎಂದರೆ ಗಿಡಗಳ ಆಯುಧಾಗಾರ. ನನ್ನ ಮಟ್ಟಿಗೆ ಜೇನು ಬೆಳ್ಳುಳ್ಳಿಯ ಕಥೆಯಲ್ಲಿ ಸ್ವಾರಸ್ಯ ಇರುವುದು ಇಲ್ಲಿ. ಗಿಡ ತನಗೆ ಬೇಕಾದವರಿಗೆ ಹೂವಿನ ಬುಡದಲ್ಲಿ ಸಿಹಿ ಇಟ್ಟಿದೆ, ಬೇಡವಾದವರಿಗೆ ಎಲೆಯಲ್ಲಿ ನಾತ ಇಟ್ಟಿದೆ. ಸಿಹಿಯ ಪಂಕ್ತಿಯಲ್ಲಿ ನಮಗೆ ಎಲೆ ಹಾಕಿರಲಿಲ್ಲ. ನಾವು ಬೇಡವಾದವರ ಸಾಲಿನಲ್ಲಿ ನಿಂತು, ಕೊಟ್ಟದ್ದನ್ನೇ ಚಪ್ಪರಿಸಿಕೊಂಡು ತಿಂದೆವು.

ಬಲ್ಗೇರಿಯದವರು ತಿಂದ ರೀತಿಯಲ್ಲೂ ಜಾಣತನ ಇದೆ. ಎಲೆ ಎಳೆಯದಾಗಿರುವಾಗಲೇ, ದಂಟು ಏಳುವ ಮುಂಚೆ ಕೊಯ್ಯುತ್ತಾರೆ. ಸಣ್ಣಗೆ ಹೆಚ್ಚಿ ಉಪ್ಪಿನ ಜೊತೆ ಚೆನ್ನಾಗಿ ಅರೆಯುತ್ತಾರೆ. ಹಸಿರು ಕೆಸರಿನಂತಾದ ಅದನ್ನು ತೆಳ್ಳಗೆ ಹರಡಿ ಒಣಗಿಸಿ, ಗಟ್ಟಿಯಾದ ಹಲ್ಲೆಯನ್ನು ಮತ್ತೆ ಪುಡಿ ಮಾಡಿ ಡಬ್ಬಿಗೆ ತುಂಬುತ್ತಾರೆ. ಅರೆಯುವಾಗ ಜೀವಕೋಶಗಳೆಲ್ಲ ಒಡೆದು ಕಿಣ್ವ ತನ್ನ ಕೆಲಸ ಪೂರ್ತಿ ಮುಗಿಸುತ್ತದೆ. ಸುಮ್ಮನೆ ಒಣಗಿಸಿದ ಎಲೆಯಲ್ಲಿ ಇದು ಇಷ್ಟು ಚೆನ್ನಾಗಿ ಆಗುವುದಿಲ್ಲ. ಕಣ್ಣಿಗೆ ಚುಚ್ಚುವ ಹಗುರ ಅನಿಲ ಒಣಗುವ ಹೊತ್ತಿನಲ್ಲಿ ಹಾರಿಹೋಗುತ್ತದೆ, ನಿಲ್ಲುವಂಥ ಘಮ ಉಳಿಯುತ್ತದೆ. ಉಪ್ಪು ನೀರನ್ನೆಳೆದು ಬೂಸರು ಬರದಂತೆ ನೋಡಿಕೊಳ್ಳುತ್ತದೆ. ಅರೆಯುವವರ ಕೈ ಮಾತ್ರ ಬಹಳ ಹೊತ್ತು ಗಿಡದ ಹೆಸರು ಹೇಳುತ್ತಿರುತ್ತದೆ. ಆ ದೇಶದಲ್ಲಿ ಇನ್ನೊಂದು ಬಣ್ಣದ ಉಪ್ಪೂ ಇದೆ, ಶರೆನಾ ಸೋಲ್ ಎಂದು. ಅದರಲ್ಲಿ ಕೆಂಪು ಮೆಣಸಿನ ಪುಡಿ, ಚುಬ್ರಿತ್ಸಾ ಎಂಬ ಸೊಪ್ಪು, ಮೆಂತ್ಯ ಇರುತ್ತವೆ. ಮೆಂತ್ಯ ಅಲ್ಲಿಯೂ ಬ್ರೆಡ್ಡಿಗೆ ನೆಂಚಿಕೊಳ್ಳುವ ಪುಡಿಗೆ ಹೋಗುತ್ತದೆ ಎಂದು ತಿಳಿದಾಗ ಚಟ್ನಿಪುಡಿಯ ಊರಿನವರಿಗೆ ಖುಷಿಯಾಗದೆ ಇರದು.

ಶಾಸ್ತ್ರಜ್ಞರು ಈ ಗಿಡವನ್ನು ಎಲ್ಲಿಡಬೇಕೆಂದು ತೀರ್ಮಾನಿಸಲು ಇನ್ನೂರು ವರ್ಷ ತೆಗೆದುಕೊಂಡರು. ಮೊದಲು ಹೆಸರಿಟ್ಟದ್ದು ಒಬ್ಬ ಸಂನ್ಯಾಸಿ. ಸಿಸಿಲಿಯ ಉತ್ತರದ ನೆಬ್ರೋಡಿ ಬೆಟ್ಟಗಳಲ್ಲಿರುವ ಉಕ್ರಿಯಾ ಎಂಬ ಊರಿನ ಫ್ರಾನ್ಸಿಸ್ಕನ್ ಪಂಥದ ಬೆರ್ನಾರ್ದಿನೊ. ಪಲೆರ್ಮೊ ನಗರದ ಸಸ್ಯೋದ್ಯಾನದಲ್ಲಿ ಗಿಡಗಳನ್ನು ತೋರಿಸಿ ಪಾಠ ಹೇಳುತ್ತಿದ್ದವರು. ಸ್ವೀಡನ್ನಿನಲ್ಲಿ ಕೂತು ಲೋಕದ ಗಿಡಗಳಿಗೆಲ್ಲ ಹೆಸರಿಟ್ಟ ಲಿನೇಯಸ್‌ನ ಪಟ್ಟಿಯಲ್ಲಿ ತಮ್ಮ ದ್ವೀಪದ ಎಷ್ಟೋ ಗಿಡಗಳು ಬಿಟ್ಟುಹೋಗಿವೆ ಎಂದು ಅವರು ಸೇರಿಸುತ್ತ ಹೋದರು. ಅಲಿಯಂ ಸಿಕ್ಯುಲಂ ಪ್ರಕಟವಾದದ್ದು 1793ರಲ್ಲಿ. ಇಂಗ್ಲೆಂಡಿನ ಜಾನ್ ಲಿಂಡ್ಲೆ 1836ರಲ್ಲಿ ಇದನ್ನು ಈರುಳ್ಳಿ ಕುಲದಿಂದ ಹೊರಗೆ ತೆಗೆದು ನೆಕ್ಟರೊಸ್ಕಾರ್ಡಂ ಎಂಬ ಹೊಸ ಕುಲವನ್ನೇ ಕಟ್ಟಿದರು. ಕಾರಣ ಇತ್ತು. ಇದರ ಅಂಡಾಶಯದ ಬುಡ ಉಳಿದ ಈರುಳ್ಳಿಗಳಲ್ಲಿರುವಂತೆ ಎಸಳುಗಳ ಮೇಲೆ ಬಿಡಿಯಾಗಿ ಕೂತಿಲ್ಲ, ಅರೆಬರೆ ಒಳಗೆ ಹೂತುಕೊಂಡಿದೆ. ತೋಟಗಾರರು ಆ ಹೆಸರನ್ನು ಇವತ್ತಿಗೂ ಬಿಟ್ಟಿಲ್ಲ. ಆದರೆ ಡಿಎನ್‌ಎ ಹೋಲಿಸಿ ನೋಡಿದ ಅಧ್ಯಯನಗಳು, ಮುಖ್ಯವಾಗಿ 2006ರದ್ದು, ಗಿಡ ಅಲಿಯಂ ವಂಶವೃಕ್ಷದ ಒಳಗೇ ಇದೆ ಎಂದವು. ಸಂನ್ಯಾಸಿಯ ಮಾತು ಗೆದ್ದಿತು. ಅಂಗಡಿಯ ಚೀಟಿಯಲ್ಲಿ ಎರಡರಲ್ಲಿ ಯಾವ ಹೆಸರು ಕಂಡರೂ ಗಿಡ ಒಂದೇ.

ಮೆಡಿಟರೇನಿಯನ್ ಕಾಡಿನ ನೆರಳಿನಿಂದ ಲೋಕಕ್ಕೆ ಹೊರಟ ಇನ್ನೊಂದು ಅಲಿಯಂ ಇದೆ. ಅಲಿಯಂ ಟ್ರೈಕ್ವೆಟ್ರಂ, ಮುಕ್ಕೋನದ ದಂಟಿನದು. ಪಶ್ಚಿಮ ಭಾಗದ್ದು, ಸ್ಪೇನ್, ಮೊರಾಕೊ, ಅಲ್ಜೀರಿಯಾ ಕಡೆ ಹೊಳೆದಂಡೆಗಳಲ್ಲಿ ಸಾಮಾನ್ಯ. ಅದರದ್ದೂ ಜೋತುಬೀಳುವ ಬಿಳಿ ಹೂ, ಎಸಳಿನ ನಡುವೆ ಹಸಿರು ಗೆರೆ. ಅಂದಕ್ಕೆಂದು ಬ್ರಿಟನ್ನಿಗೆ ಒಯ್ದರು. ಬೀಜಕ್ಕೆ ಎಣ್ಣೆಯಂಶದ ಪುಟ್ಟ ಗಂಟೊಂದು ಅಂಟಿರುತ್ತದೆ. ಇರುವೆಗಳು ಅದರ ಆಸೆಗೆ ಬೀಜ ಹೊತ್ತೊಯ್ದು, ಗಂಟನ್ನು ತಿಂದು ಬೀಜ ಬಿಡುತ್ತವೆ. ಇರುವೆ ಬಿತ್ತಿದ್ದನ್ನು ಯಾರು ತಡೆಯುತ್ತಾರೆ? ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನು ಕಾಡುಮೇಡಿನಲ್ಲಿ ನೆಡುವುದು 1981ರ ವನ್ಯಜೀವಿ ಕಾಯ್ದೆಯ ಪಟ್ಟಿಯ ಪ್ರಕಾರ ಅಪರಾಧ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲೂ ಕಳೆಯೆಂದೇ ಲೆಕ್ಕ. ಹೂ, ಎಲೆ, ಗೆಡ್ಡೆ ಎಲ್ಲ ತಿನ್ನಬಹುದಾದ ಕಳೆ ಎನ್ನುವುದೊಂದು ಸಮಾಧಾನ. ಜೇನು ಬೆಳ್ಳುಳ್ಳಿಗೆ ಅಷ್ಟು ಕೆಟ್ಟ ಹೆಸರು ಬಂದಿಲ್ಲ, ಆದರೂ ಹಿಡಿಸಿದ ಜಾಗದಲ್ಲಿ ಬೀಜ ಉದುರಿಸಿಕೊಂಡು ಹಬ್ಬುತ್ತದೆ. ಬೇಡ ಎನ್ನುವವರು ಕಾಯಿ ಬಾಯಿ ಬಿಡುವ ಮುಂಚೆ ಕತ್ತರಿಸಬೇಕು.

ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರು ಮೇ ತಿಂಗಳಲ್ಲಿ ಕಾಡಂಚಿನಲ್ಲಿ ನಡೆಯುವಾಗ ಬೆಳ್ಳುಳ್ಳಿ ವಾಸನೆ ಬಂದರೆ ಸೊಪ್ಪು ಕೊಯ್ಯುವ ಆಸೆಯಾಗುವುದು ಸಹಜ. ಅಲ್ಲಿ ಕಾಡು ಬೆಳ್ಳುಳ್ಳಿಯ ಅಗಲ ಎಲೆಯ ಒಂದು ಜಾತಿ, ಅಲಿಯಂ ಉರ್ಸಿನಂ, ಬಹಳ ಜನಪ್ರಿಯ. ಅದರ ಜೊತೆಯಲ್ಲೇ ಬೆಳೆಯುವ ಲಿಲ್ಲಿ ಆಫ್ ದಿ ವ್ಯಾಲಿ, ಕಾಲ್ಚಿಕಂ ಎರಡೂ ವಿಷ. ಎಲೆ ನೋಡಿ ಮೋಸಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಕಿವುಚಿ ಮೂಸಿ ನೋಡು ಎಂಬ ಹಳೆಯ ಪರೀಕ್ಷೆ ಮೊದಲ ಎಲೆಗೆ ಸರಿ. ಎರಡನೆಯದಕ್ಕೆ ಬರುವಷ್ಟರಲ್ಲಿ ಬೆರಳಿಗೇ ವಾಸನೆ ಹತ್ತಿರುತ್ತದೆ, ಆಮೇಲೆ ಯಾವ ಎಲೆ ಮುಟ್ಟಿದರೂ ಬೆಳ್ಳುಳ್ಳಿಯೇ. ಗುಂಪಿನಿಂದ ಹಿಡಿ ಹಿಡಿಯಾಗಿ ಕೊಯ್ಯುವವರಿಗೆ ಆಪತ್ತು ಬರುವುದು ಹೀಗೆ.

ಬೆಳೆಸಬೇಕೆನ್ನುವವರಿಗೆ ಗೆಡ್ಡೆ ಸಿಗುತ್ತದೆ. ಡಚ್ ವ್ಯಾಪಾರಿಗಳು ಬೇಸಿಗೆ ಕೊನೆಗೆ ಮಾರುತ್ತಾರೆ, ಚಳಿ ಶುರುವಾಗುವ ಮುಂಚೆ ನೆಡಬೇಕು. ಚಳಿಯನ್ನು ಅನುಭವಿಸದ ಗೆಡ್ಡೆ ಸರಿಯಾಗಿ ಹೂ ಬಿಡುವುದಿಲ್ಲ, ಆದ್ದರಿಂದ ನಮ್ಮ ಬಯಲುಸೀಮೆಯ ತೋಟಕ್ಕೆ ಇದು ಬೇಡ. ಬೀಜದಿಂದ ಮಾಡಿದರೆ ಹೂ ನೋಡಲು ಕೆಲವು ವರ್ಷ ಕಾಯಬೇಕು. ಆ ವರ್ಷಗಳಲ್ಲಿ ಗಿಡ ಗಳಿಸುವುದೆಲ್ಲ ವಸಂತದ ಆ ಕೆಲವು ವಾರಗಳ ಎಲೆಯಿಂದ. ಸಮರ್ದಾಲಾ ಉಪ್ಪಿಗೆಂದು ಒಂದೇ ಗಿಡದ ಎಲೆಯನ್ನೆಲ್ಲ ಬೋಳಿಸಿದರೆ ಗೆಡ್ಡೆ ತುಂಬುವುದಿಲ್ಲ, ಮರುವರ್ಷ ದಂಟು ಏಳುವುದಿಲ್ಲ. ಒಂದೊಂದು ಗಿಡದಿಂದ ಒಂದೊಂದೇ ಎಲೆ ತೆಗೆದುಕೊಂಡರೆ ಉಪ್ಪೂ ಆಗುತ್ತದೆ, ದುಂಬಿಗೆ ಹೂವೂ ಇರುತ್ತದೆ.